ಹುಳ ಕಾಣುವ ತನಕ ಒಪ್ಪತ್ತು

ಎರಡು ಮಳೆಗಾಲ ಸಾಕು ಎಂದು ಹೇಳಿದವನು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಆಗ ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿ ಹತ್ತು ವರ್ಷವಾಗಿತ್ತು. ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕು ಬೇರೆ. ಆ ಸೊಕ್ಕಿನಲ್ಲಿ ಬಾಯಿಗೆ ಬಂದಂತೆ ಆಡಿದ ಒಂದು ಮಾತಿಗೆ ತಾರಾಕಾಕು ಒಂಬತ್ತು ವರ್ಷ ದಿನಕ್ಕೆ ಒಂದೇ ಹೊತ್ತು ಉಂಡರು. ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರು. ಅವರ್ಯಾರೂ ಬರೆಯುವುದಿಲ್ಲ, ಆ ಸಿಟ್ಟೂ ನನಗಿದೆ.

ತಾರಾಬಾಯಿ ನೇಮಿನಾಥ ಖೋತ. ಗೋಕಾಕ ಫಾಲ್ಸಿನ ಹಿಂದೆ ಹಬ್ಬಿದ ಗುಡ್ಡಗಳ ಬುಡದಲ್ಲಿ ಅವರ ತೋಟ, ತೋಟದಲ್ಲೇ ಮನೆ. ಬೆಲ್ಲದ ಬಾಗೇವಾಡಿಯ ಜೈನ ಮನೆತನದ ಮಗಳು, ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಇಲ್ಲಿಗೆ ಬಂದವರು. ನಾವು ಕುರುಬರು. ನನ್ನಪ್ಪ ಶಿದ್ರಾಮ ಪೀಕು ತೆಗೆದ ಮೇಲೆ ಗೊಬ್ಬರಕ್ಕೆಂದು ಖೋತರ ಹೊಲದಲ್ಲಿ ಕುರಿ ತರುಬಿ ಕೂಡಿಹಾಕುತ್ತಿದ್ದ. ಆ ಬಳಕೆಯಿಂದ ನನಗೆ ಅವರು ಕಾಕು, ಅವರ ಗಂಡ ಕಾಕಾ. ಕಾಕುವಿನದು ದೊಡ್ಡ ದನಿ. ಎಮ್ಮೆಗೆ ಬೈಯುವುದು ಮರಾಠಿಯಲ್ಲಿ, ಮನುಷ್ಯರಿಗೆ ಬೈಯುವುದು ಕನ್ನಡದಲ್ಲಿ. ಎಮ್ಮೆಗಳ ಪಾಲಿಗೆ ಬಂದದ್ದು ಸ್ವಲ್ಪ ಕಡಿಮೆಯೇ ಇರಬೇಕು.

ಮನೆಯ ಹಿಂದೆ ಗವಿಹಳ್ಳ. ಗುಡ್ಡದ ಕಾಡಿನಿಂದ ಇಳಿದು ಬರುವ ಸಣ್ಣ ಹಳ್ಳ, ಬೇಸಿಗೆಯಲ್ಲೂ ಬೆರಳು ಗಾತ್ರ ಹರಿಯುತ್ತಿತ್ತು. ಕಾಕು ದಿನಾ ಮುಂಜಾನೆ ಅಲ್ಲಿಗೆ ಹೋಗಿ, ಎರಡು ಮಡಿಕೆಯ ದಪ್ಪ ಬಟ್ಟೆಯನ್ನು ತಾಮ್ರದ ಕೊಡದ ಬಾಯಿಗೆ ಹಾಸಿ ನೀರು ಸೋಸುತ್ತಿದ್ದರು. ಸೋಸಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಬಟ್ಟೆಯ ಮೇಲೆ ಉಳಿದ ಸಣ್ಣ ಜೀವಗಳನ್ನು, ಅವರ ಮಾತಿನಲ್ಲಿ ‘ಜೀವಾಣಿ’ಯನ್ನು, ಬಟ್ಟೆ ಹೊಳ್ಳಿಸಿ ತಂಬಿಗೆಯಲ್ಲಿ ಮೆಲ್ಲಗೆ ತೊಳೆದು ತಿರುಗಿ ಅದೇ ಹಳ್ಳಕ್ಕೆ ಬಿಡಬೇಕು. ಬಾವಿಯದು ಬಾವಿಗೆ, ಹಳ್ಳದ್ದು ಹಳ್ಳಕ್ಕೆ. ಒಂದು ನೀರಿನ ಜೀವವನ್ನು ಇನ್ನೊಂದು ನೀರಿಗೆ ಹಾಕಿದರೆ ಅದು ಸಾಯುತ್ತದೆ, ಆ ಹಿಂಸೆ ಸೋಸಿದವರಿಗೆ ಹತ್ತುತ್ತದೆ. ನಾನು ಸಣ್ಣವನಿದ್ದಾಗ ಅವರ ಬಟ್ಟೆಯ ಮೇಲೆ ಕೆಂಪು ಚುಕ್ಕೆಯಂಥವು, ಮೂರು ಬಾಲದವು, ಮರಳಿನ ಗೂಡು ಹೊತ್ತು ತೆವಳುವಂಥವು, ಎಷ್ಟೊಂದು ಇರುತ್ತಿದ್ದವು! ಕಾಕು ಒಂದೊಂದನ್ನೂ ಬೈಯುತ್ತಲೇ ಬಿಡುತ್ತಿದ್ದರು.

ಎಂಬತ್ತೊಂದರಲ್ಲಿ ಗುಡ್ಡದ ಆಚೆ ಬದಿಗೆ ಗಂಧಕದ ಕಾರ್ಖಾನೆ ಬಂತು. ಗಂಧಕ ಸುಟ್ಟು ಆಮ್ಲ ಮಾಡಿ, ಗೊಬ್ಬರದ ಕಂಪನಿಗಳಿಗೆ ಟ್ಯಾಂಕರಿನಲ್ಲಿ ಕಳಿಸುವ ಸಣ್ಣ ಕಾರ್ಖಾನೆ. ಮೋಡ ಕವಿದ ದಿನ ಅದರ ಹೊಗೆ ಮೇಲೇರದೆ ಕಾಡಿನೊಳಗೇ ಇಳಿಯುತ್ತಿತ್ತು. ಅಪ್ಪ ಕೆಮ್ಮುತ್ತ ಕುರಿ ಅಟ್ಟಿಕೊಂಡು ಬರುತ್ತಿದ್ದ. ಮಳೆ ಬಂದರೆ ಹೊಗೆಯೆಲ್ಲ ಮಳೆಯಲ್ಲೇ ಕರಗಿ ಬೀಳುತ್ತಿತ್ತು. ಯಾರಿಗೂ ಅದೇನು ಎಂದು ಗೊತ್ತಿರಲಿಲ್ಲ.

ಯಾಕೆ ಗೊತ್ತಾಗಲಿಲ್ಲ ಎಂದರೆ, ಗವಿಹಳ್ಳದ ನೀರು ಹೊಲಸಾಗಲಿಲ್ಲ. ಸ್ವಚ್ಛವಾಯಿತು! ನಾಲ್ಕೈದು ವರ್ಷದಲ್ಲಿ ಪಾಚಿ ಹೋಯಿತು, ಲೋಳೆ ಹೋಯಿತು, ಎದೆಮಟ್ಟದ ಮಡುವಿನ ತಳದಲ್ಲಿ ಬಿದ್ದ ಸೂಜಿ ಕಾಣುವಷ್ಟು ತಿಳಿಯಾಯಿತು. ಕಾಕುವಿನ ಬಟ್ಟೆ ಖಾಲಿ ಬರತೊಡಗಿತು. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸವೇ ಉಳಿಯಲಿಲ್ಲ, ನೀರು ನಿಂತರೆ ಸಾಕು, ಒಳಗೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ಬೇರೆ ಜನ ಆಗಿದ್ದರೆ ನೀರಿನಲ್ಲಿ ಒಂದು ಹುಳವೂ ಇಲ್ಲವಲ್ಲ, ಏನಾಯಿತು ಎಂದು ಕೇಳುತ್ತಿದ್ದರೋ ಏನೋ. ಹುಟ್ಟಿದಾಗಿನಿಂದ ನೀರಿನ ಜೀವಕ್ಕೆ ಹಿಂಸೆಯಾಗಬಾರದು ಎಂದು ಸೋಸಿ ಸೋಸಿ ಬದುಕಿದ ಜನಕ್ಕೆ, ಸೋಸಿದರೂ ಏನೂ ಸಿಗದ ನೀರು ಎಂದರೆ ಪುಣ್ಯದ ನೀರು.

ನೇಮಿನಾಥ ಕಾಕಾ ಊರೆಲ್ಲ ಹೇಳಿಕೊಂಡು ಬಂದರು. ಸುತ್ತಿನ ಹಳ್ಳಿಗಳಿಗೆ ಮುನಿಗಳು ಬಂದಾಗ ಆಹಾರದ ಅಡಿಗೆಗೆ ಗವಿಹಳ್ಳದ ನೀರೇ ಬೇಕು ಎನ್ನುವಂತಾಯಿತು. ಗೋಕಾಕದಿಂದ, ಹುಕ್ಕೇರಿಯಿಂದ ಕ್ಯಾನು ಹಿಡಿದು ಜನ ಬರುತ್ತಿದ್ದರು. ಕಾಕು ಎಲ್ಲರೆದುರು ಖಾಲಿ ಬಟ್ಟೆ ಬಿಚ್ಚಿ ತೋರಿಸುತ್ತಿದ್ದರು. ಅವರ ಮುಖದ ಆ ಹೆಮ್ಮೆ ನನಗೆ ಇವತ್ತಿಗೂ ನೆನಪಿದೆ.

ತೊಂಬತ್ತೈದರ ದೀಪಾವಳಿ ಸೂಟಿಯಲ್ಲಿ ಆ ಹೆಮ್ಮೆಗೆ ಕಲ್ಲು ಹಾಕಿದವನೂ ನಾನೇ. ಸಾಲೆಯಿಂದ ಆಮ್ಲ ಅಳೆಯುವ ಕಾಗದದ ಪಟ್ಟಿ ಜೇಬಿನಲ್ಲಿ ತಂದಿದ್ದೆ. ಏಳು ಬಂದರೆ ಸಪ್ಪೆ ನೀರು, ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ. ಗವಿಹಳ್ಳದ್ದು ನಾಲ್ಕೂವರೆ ಬಂತು. ಪಟ್ಟಿ ಕೆಟ್ಟಿದೆ ಎಂದು ಮತ್ತೊಂದು ಅದ್ದಿದೆ, ಮತ್ತೊಂದು ಅದ್ದಿದೆ. ಕಾಕು ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದರು.

“ಏನೋ ಮಾಸ್ತರ, ಹಳ್ಳಕ್ಕ ಪರೀಕ್ಷಾ ಇಟ್ಟೀಯೇನು?”

“ಕಾಕು, ಈ ನೀರ ಸತ್ತೈತ್ರಿ.”

“ನಿನ್ನ ಬಾಯಾಗ ಮಣ್ಣ ಹಾಕ! ಇಷ್ಟ ತಿಳಿ ನೀರ ಎಲ್ಲೆರ ನೋಡಿಯೇನು?”

“ತಿಳಿ ಐತಿ, ಯಾಕಂದ್ರ ಒಳಗ ಬದುಕಿದ್ದು ಏನೂ ಉಳದಿಲ್ಲ. ಆ ಹೊಗಿ ಮಳ್ಯಾಗ ಬಿದ್ದು ಎಲ್ಲಾನೂ ಕೊಂದು ಹಾಕೈತ್ರಿ.”

ಕಾಕು ಕೈಯಲ್ಲಿದ್ದ ಬಟ್ಟೆಯನ್ನೊಮ್ಮೆ ನೋಡಿದರು, ಹಳ್ಳವನ್ನೊಮ್ಮೆ ನೋಡಿದರು. ಒಂಬತ್ತು ಹತ್ತು ವರ್ಷ ಪುಣ್ಯ ಎಂದುಕೊಂಡದ್ದು ಸುಡುಗಾಡಾಗಿತ್ತು. ಮೊದಮೊದಲು ಬಟ್ಟೆಗೆ ಸಿಗುತ್ತಿದ್ದ ನಾಲ್ಕಾರು ಹುಳಗಳನ್ನೂ ತಾವೇ ಕೈಯಾರೆ ತೊಳೆದು ಆ ನೀರಿಗೇ ಬಿಟ್ಟಿದ್ದರಲ್ಲ. ಅವತ್ತು ಕಾಕು ಎಮ್ಮೆಗೂ ಬೈಯಲಿಲ್ಲ ಎಂದು ಸೊಸೆ ರೂಪಾಲಿ ಆಮೇಲೆ ಹೇಳಿದಳು.

ಮರುವರ್ಷ ಕಾರ್ಖಾನೆ ಬಾಗಿಲು ಹಾಕಿತು. ನಾನು ಕಚೇರಿಗೆ ಬರೆದ ಅರ್ಜಿಗೆ ಹೆದರಿ ಅಲ್ಲ, ಅದರ ಧಣಿಗೆ ಬೇರೆಲ್ಲೋ ಲಾಭ ಕಂಡಿತ್ತು. ಹೊಗೆ ನಿಂತ ವಾರ ಕಾಕು ಮೂಡಲಗಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಹೇಳಿಕಳಿಸಿ ನನ್ನನ್ನು ಕರೆಸಿದರು. ಕಟ್ಟೆಯ ಮೇಲೆ ಕೂರಿಸಿ, ಚುರಮುರಿ ಕೊಟ್ಟು, ನೆಟ್ಟಗೆ ಕೇಳಿದರು.

“ಹೊಗಿ ಅಂತೂ ಹೋತು. ಹಳ್ಳದಾಗ ಜೀವಾ ಯಾವಾಗ ಬರ್ತಾವು?”

ನಾನು ಚುರಮುರಿ ಅಗಿಯುತ್ತ, ಒಂದು ಕ್ಷಣವೂ ಯೋಚಿಸದೆ ಹೇಳಿದೆ. “ಎರಡ ಮಳಿಗಾಲ ಸಾಕ್ರಿ ಕಾಕು. ಮಳಿ ಸ್ವಚ್ಛ ಆತಂದ್ರ ಹಳ್ಳ ತಾನ ಸ್ವಚ್ಛ ಆಗ್ತೈತಿ. ಲೆಕ್ಕ ಸೀದಾ ಐತಿ.”

ಲೆಕ್ಕ ಸೀದಾ ಐತಿ! ಯಾವ ಪುಸ್ತಕದಲ್ಲಿ ಓದಿದ್ದೆನೋ. ಕಾಕು ತಲೆಯಾಡಿಸಿ ಒಳಗೆ ಹೋದರು. ದೇವರ ಮುಂದೆ ನಿಂತು ನೇಮ ಹಿಡಿದದ್ದು ನನಗೆ ತಿಂಗಳ ನಂತರ ಗೊತ್ತಾಯಿತು. ಹಳ್ಳದ ನೀರು ಸೋಸಿದಾಗ ಬಟ್ಟೆಯ ಮೇಲೆ ಬದುಕಿದ ಒಂದು ಜೀವ ಕಣ್ಣಿಗೆ ಕಾಣುವ ತನಕ ಒಪ್ಪತ್ತು. ಮಧ್ಯಾಹ್ನ ಒಂದು ಊಟ, ಅಷ್ಟೇ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಸಂಜೆಯ ಊಟ ಬೆಳಕಿರುವಾಗಲೇ ಆಗಬೇಕು. ಆ ಊಟವನ್ನು ಕಾಕು ಬಿಟ್ಟರು. ಎರಡು ಮಳೆಗಾಲ ತಾನೇ, ಮಾಸ್ತರನೇ ಹೇಳಿದ್ದಾನಲ್ಲ ಎಂದು ಮನೆಯವರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲ ಮಳೆಗಾಲದಲ್ಲಿ ನಾನು ಅವರ ಮಾಳಿಗೆಯ ಮೇಲೆ ಸ್ಟೀಲ್ ಪಾತ್ರೆ ಇಟ್ಟು ಮಳೆ ಹಿಡಿದೆ. ಮಳೆ ಐದೂವರೆ ದಾಟಿತ್ತು, ಶುದ್ಧ ಮಳೆಯೂ ಅಷ್ಟು ಹುಳಿ ಇದ್ದೇ ಇರುತ್ತದೆ. ನಾನು ಕುಣಿದಾಡಿದೆ. ಹಳ್ಳಕ್ಕೆ ಹೋಗಿ ಪಟ್ಟಿ ಅದ್ದಿದರೆ ನಾಲ್ಕೂವರೆಗಿಂತ ಒಂದು ಕೂದಲು ಮೇಲೆ. ಎರಡನೆಯ ಮಳೆಗಾಲದಲ್ಲೂ ಅದೇ ಹಣೆಬರಹ. ಮುಗಿಲಿಂದ ಬೀಳುವ ನೀರು ಸರಿ ಇದೆ, ಹಳ್ಳದಲ್ಲಿ ಹರಿಯುವ ನೀರು ಸರಿ ಇಲ್ಲ! ನಡುವೆ ಏನಾಗುತ್ತಿದೆ ಎಂದು ನನಗೆ ತಿಳಿಯಲೊಲ್ಲದು. ಕಾಕು ಖಾಲಿ ಬಟ್ಟೆ ಹಿಂಡುತ್ತ ನನ್ನ ಮುಖ ನೋಡಿದರು.

“ಇನ್ನೊಂದ ವರ್ಷ ಕಾಕು,” ಎಂದೆ.

ಆ ಮಾತನ್ನು ಎಷ್ಟು ಸಲ ಹೇಳಿದೆನೋ. ತೊಂಬತ್ತೊಂಬತ್ತರಲ್ಲಿ ಮಗ ಗೊಮ್ಮಟೇಶ ಬೋರು ಹಾಕಿಸಿದ. ಮನೆಯವರೆಲ್ಲ ಬೋರಿನ ನೀರಿಗೆ ತಿರುಗಿದರು. ಕಾಕು ಮಾತ್ರ ಒಂದು ಗುಟುಕೂ ಮುಟ್ಟಲಿಲ್ಲ.

“ಬೋರಿನ ನೀರ ಸೋಸಿ ಜೀವಾಣಿ ಎಲ್ಲಿ ಬಿಡ್ಲಿ? ಮುನ್ನೂರ ಫೂಟ ಕೆಳಗ ಇಳದ ಹೋಗ್ಲ್ಯಾ?” ಎಂದು ಗೊಮ್ಮಟೇಶನನ್ನೇ ಗದರಿಸಿದರು.

ಹುಳಿ ನೀರನ್ನೇ ಕುಡಿದರು, ಖಾಲಿ ಬಟ್ಟೆಯನ್ನೇ ಹಳ್ಳಕ್ಕೆ ಜಾಲಾಡಿಸಿದರು. ನಾನು ಕೈಯಲ್ಲಿ ಬಾಟಲಿ ಹಿಡಿದು ಕಚೇರಿಗಳನ್ನು ಸುತ್ತಿದೆ. ಒಂದು ಕಡೆ ಸಾಹೇಬರು ಬಾಟಲಿ ಬೆಳಕಿಗೆ ಹಿಡಿದು, “ಏನ್ರಿ ಮಾಸ್ತರ, ಬಿಸ್ಲೇರಿ ಇದ್ದಂಗ ಐತಲ್ರಿ!” ಎಂದು ನಕ್ಕರು. ಇನ್ನೊಂದು ಕಡೆ, ಕಾರ್ಖಾನೆ ಬಂದ್ ಆದ ದಿನವೇ ಫೈಲೂ ಬಂದ್ ಆಗಿದೆ ಎಂದರು. ಅರಣ್ಯ ಇಲಾಖೆಯವರನ್ನು ಕೇಳಿದರೆ ಮರಗಳು ಹಸಿರಾಗಿಯೇ ಇವೆಯಲ್ಲ ಎಂದರು. ಹೊಗೆ ಕಾಣುತ್ತಿದ್ದಾಗ ಕನಿಷ್ಠ ಅದರತ್ತ ಬೆರಳು ತೋರಿಸಬಹುದಿತ್ತು. ಈಗ ತೋರಿಸುವುದು ಯಾವುದನ್ನು? ಯಾರನ್ನು ಹಿಡಿದು ಜಗ್ಗಾಡಲಿ? ಬಸ್‌ಸ್ಟ್ಯಾಂಡಿನಲ್ಲಿ ಆ ಬಾಟಲಿಯನ್ನು ಎತ್ತಿ ಒಗೆದುಬಿಟ್ಟೆ.

ಎರಡು ಸಾವಿರದ ಇಸವಿಯಲ್ಲಿ ಕಾಡಿನ ಮಣ್ಣನ್ನು ಚೀಲದಲ್ಲಿ ತುಂಬಿ ಮಣ್ಣು ಪರೀಕ್ಷೆಗೆ ಕೊಟ್ಟಾಗ ನನ್ನ ತಪ್ಪು ನನಗೆ ಗೊತ್ತಾಯಿತು. ಪರೀಕ್ಷೆ ಮಾಡಿದವರು ಒಬ್ಬ ಸಮಾಧಾನದ ಮನುಷ್ಯ, ಕುರ್ಚಿ ಎಳೆದು ಕೂರಿಸಿ ತಿಳಿಸಿದರು. ಮಳೆ ನೇರ ಹಳ್ಳಕ್ಕೆ ಬೀಳುವುದು ಸ್ವಲ್ಪ, ಉಳಿದದ್ದೆಲ್ಲ ಕಾಡಿನ ಮಣ್ಣಿನಲ್ಲಿ ಇಂಗಿ, ಜಿನುಗಿ, ಆಮೇಲೆ ಹಳ್ಳಕ್ಕೆ ಬರಬೇಕು. ಹದಿನೈದು ವರ್ಷದ ಗಂಧಕ ಮಣ್ಣಿನ ಹೊಟ್ಟೆಯಲ್ಲಿ ಕೂತಿದೆ, ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಬಿಡುತ್ತದೆ. ಹುಳಿಯನ್ನು ತಣಿಸಬೇಕಾಗಿದ್ದ ಸುಣ್ಣದ ಅಂಶ ಆಗಲೇ ತೊಳೆದು ಹೋಗಿದೆ. ಮೂಡಲಗಿಯ ಎರೆಮಣ್ಣಾಗಿದ್ದರೆ ತುಂಬ ಸುಣ್ಣದ ಹರಳು, ಇಂಥ ಹತ್ತು ಕಾರ್ಖಾನೆಯ ಆಮ್ಲವನ್ನು ನುಂಗುತ್ತಿತ್ತು. ಗೋಕಾಕದ ಗುಡ್ಡ ಬರೀ ಮರಳುಗಲ್ಲು. ಆ ಕಲ್ಲು ಸವೆದು ಮಣ್ಣಿಗೆ ಮತ್ತೆ ಸುಣ್ಣ ಕೂಡುವುದೆಂದರೆ ಮನುಷ್ಯರ ವಯಸ್ಸಿನ ಮಾತಲ್ಲ.

“ಹಂಗಾದ್ರ ಎಷ್ಟ ವರ್ಷ ಹಿಡೀತೈತ್ರಿ?” ಎಂದು ಕೇಳಿದೆ.

“ಐದು ವರ್ಷಕ್ಕ ಒಂದೆರಡ ಹುಳಾ ಬರಬಹುದು. ಮೂವತ್ತ ಆದರೂ ಆಗಬಹುದು. ಬರದು ಕೊಡು ಅಂದ್ರ ನಾ ಕೊಡೂದಿಲ್ರಿ.”

ಆ ಮನುಷ್ಯನಿಗಿದ್ದ ಬುದ್ಧಿ ನನಗಿರಲಿಲ್ಲ. ಸೀದಾ ತೋಟಕ್ಕೆ ಹೋಗಿ ಕಾಕುವಿಗೆ ಇದನ್ನು ಹೇಳಬೇಕಿತ್ತು. ಹೋದೆ, ಹೇಳಲಿಲ್ಲ. ಕಟ್ಟೆಯ ಮೇಲೆ ಅವರು ತೆಳ್ಳಗಾಗಿ ಕೂತಿದ್ದರು, ಬಳೆ ಮೊಣಕೈ ತನಕ ಸರಿಯುತ್ತಿತ್ತು.  ಮತ್ತೆ “ಇನ್ನೊಂದ ವರ್ಷ” ಎಂದೆ. ಅದರ ಬದಲು ಹಳ್ಳಕ್ಕೆ ಸುಣ್ಣ ಹಾಕೋಣ, ಹುಳಿ ಮುರಿಯುತ್ತದೆ ಎಂದು ಉಪಾಯ ತೆಗೆದೆ. ಅಪ್ಪನೂ ಕತ್ತೆಯ ಮೇಲೆ ಸುಣ್ಣ ಹೇರಿಕೊಂಡು ಬರುತ್ತೇನೆಂದ. ಕಾಕು ಎದ್ದು ನಿಂತರು.

“ಸುಣ್ಣಾ ಹಾಕ್ತೀಯಾ? ಕಲ್ಲಿನ ಸಂದ್ಯಾಗ ಎಲ್ಲೆರ ಒಂದ ಜೀವಾ ಉಳದಿದ್ರ ಸುಟ್ಟ ಹೋಗ್ತೈತಿ. ಹೊಗಿಯವ್ರು ಅರ್ಧಾ ಕೊಂದ್ರು, ಇನ್ನರ್ಧಾ ನೀ ಕೊಲ್ಲು!”

“ಸ್ವಲ್ಪ ಸ್ವಲ್ಪ ಹಾಕೂಣ್ರಿ, ಏನೂ ಆಗೂದಿಲ್ಲ.”

“ನಿನ್ನ ಸ್ವಲ್ಪ ನನಗ ಗೊತ್ತೈತಿ. ಎರಡ ಮಳಿಗಾಲ ಅಂದಾಂವ ನೀನ.”

 ಅಪ್ಪ ಕತ್ತೆ ಹೊಡೆದುಕೊಂಡು ಮನೆಗೆ ಹೋದ.

ಎರಡು ಸಾವಿರದ ಮೂರರ ಆಷಾಢದಲ್ಲಿ ಕಾಕು ಹಳ್ಳದ ದಂಡೆಯಲ್ಲೇ ತಲೆ ತಿರುಗಿ ಬಿದ್ದರು. ಗೋಕಾಕದ ಡಾಕ್ಟರು ಮೈಯಲ್ಲಿ ರಕ್ತವೇ ಇಲ್ಲ, ಎರಡು ಹೊತ್ತು ಹೊಟ್ಟೆ ತುಂಬ ಉಣ್ಣಿಸಿ ಎಂದರು. ಉಣ್ಣಿಸುವವರು ಯಾರು? ಊರಿನ ಹಿರಿಯರು ಬಂದು ಹೇಳಿದರು, ಬಸದಿಯ ಪಂಡಿತರು ಬಂದು ಈ ನೇಮಕ್ಕೆ ಬೇರೆ ಪರಿಹಾರ ಇದೆ ಎಂದರು. ಕಾಕು ಎಲ್ಲರಿಗೂ ಕೈ ಮುಗಿದು ಕಳಿಸಿಬಿಟ್ಟರು. ನೇಮಿನಾಥ ಕಾಕಾ ನನ್ನನ್ನು ಎಮ್ಮೆಗೆ ಮೇವು ಹಾಕುವ ಗೋದಲಿಯ ಹಿಂದೆ ಕರೆದುಕೊಂಡು ಹೋಗಿ ಕಣ್ಣಲ್ಲಿ ನೀರು ತಂದರು.

“ನೀನ ಹೇಳಿದ್ದು ಲಕ್ಷ್ಮಣಾ. ನೀನ ಬಿಡಸು. ಹೆಂಗ ಬಿಡಸ್ತಿ ನನಗ ಗೊತ್ತಿಲ್ಲ.”

ಮೂರು ದಿನ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ತಲೆಗೆ ಹೊಳೆದದ್ದು ಎಂಥ ಬುದ್ಧಿ ನೋಡಿ. ಒಂದು ಜೀವ ಕಾಣಬೇಕು, ಅಷ್ಟೇ ತಾನೇ? ಎಲ್ಲಿಂದ ಬಂತು ಎಂದು ಹುಳದ ಮೈಮೇಲೆ ಬರೆದಿರುತ್ತದೆಯೇ? ಬೆಳಗಾಗುತ್ತಲೇ ಸೈಕಲ್ ಮೋಟಾರಿಗೆ ಹಾಲಿನ ಕ್ಯಾನು ಕಟ್ಟಿ ಧುಪದಾಳಕ್ಕೆ ಹೋದೆ. ಅಲ್ಲಿ ಅಣೆಕಟ್ಟಿನ ಹಿಂದೆ ನದಿ ನಿಂತಿರುತ್ತದೆ, ಪಾಚಿಯೊಳಗೆ ಬೇಕಾದಷ್ಟು ಹುಳ. ಪಂಜೆಯಲ್ಲಿ ಜಾಲಿಸಿ ಕ್ಯಾನಿಗೆ ತುಂಬಿದೆ. ಕಾಕು ನೀರಿಗೆ ಬರುವ ಹೊತ್ತಿಗೆ ಸರಿಯಾಗಿ ಅವರ ಕಲ್ಲಿನಿಂದ ಹತ್ತು ಮಾರು ಮೇಲೆ, ಲಂಟಾನದ ಮರೆಯಲ್ಲಿ ಸುರುವಿದೆ. ಆಮೇಲೆ ಏನೂ ಗೊತ್ತಿಲ್ಲದವನಂತೆ ದಂಡೆಗೆ ಬಂದು ನಿಂತೆ.

ಕಾಕು ಬಟ್ಟೆ ಹಾಸಿ ನೀರು ಹೊಯ್ದರು. ಬಟ್ಟೆಯ ಮೇಲೆ ಮಿಸುಗಾಡಿದವು. ಒಂದಲ್ಲ, ಎಷ್ಟೋ! ಅವರು ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಬಹಳ ಹೊತ್ತು ನೋಡಿದರು.

“ಬಂದೂ ಏನ್ರಿ ಕಾಕು?” ಎಂದೆ, ನನ್ನ ದನಿಯೇ ಏರಿತ್ತು.

“ಹೂಂ, ಬಂದಾವು,” ಎಂದರು, ತಲೆ ಎತ್ತಲಿಲ್ಲ.

ಖುಷಿಗೆ ಮಾತು ಬರುತ್ತಿಲ್ಲ ಎಂದುಕೊಂಡೆ ನಾನು ದಡ್ಡ. ಓಡಿಹೋಗಿ ಕಾಕಾನಿಗೆ ಹೇಳಿದೆ, ರೂಪಾಲಿ ಸಂಜೆಗೆ ಹೋಳಿಗೆ ಮಾಡುತ್ತೇನೆಂದು ಕಡಲೆಬೇಳೆ ನೆನೆಹಾಕಿದಳು. ನಾನು ಅವರ ಕಟ್ಟೆಯ ಮೇಲೇ ನಿಶ್ಚಿಂತೆಯಿಂದ ಮಲಗಿಬಿಟ್ಟೆ. ಹನ್ನೊಂದರ ಸುಮಾರಿಗೆ ರೂಪಾಲಿ ಬಂದು ಎಬ್ಬಿಸಿದಳು. ಕೊಡ ಹಳ್ಳದ ದಂಡೆಯಲ್ಲೇ ಇದೆ, ಅತ್ತೆ ಇಲ್ಲ, ತಂಬಿಗೆಯೂ ಇಲ್ಲ. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹನಮವ್ವ, ಕಾಕು ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಧುಪದಾಳದ ದಾರಿ ಹಿಡಿದದ್ದನ್ನು ನೋಡಿದ್ದಳು.

ಅಲ್ಲಿಂದ ಧುಪದಾಳ ಹರದಾರಿಗಿಂತ ಹೆಚ್ಚು. ರಕ್ತವಿಲ್ಲದ ಅರವತ್ತಾರರ ಹೆಂಗಸು, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಗಾಡಿ ಓಡಿಸಿಕೊಂಡು ಹೋಗುವಷ್ಟರಲ್ಲಿ ಅವರು ಮುಟ್ಟಿ, ತಂಬಿಗೆ ನೀರಿಗೆ ಬಗ್ಗಿಸಿ, ಅಣೆಕಟ್ಟಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಸೆರಗು ಬೆವರಿಗೆ ಮೈಗಂಟಿತ್ತು, ಉಸಿರು ಹತ್ತುತ್ತಿರಲಿಲ್ಲ.

“ಇಪ್ಪತ್ತಾರ ಇದ್ದೂ,” ಎಂದರು ನನ್ನನ್ನು ನೋಡಿ. “ಕಣ್ಣಿಗೆ ಕಂಡದ್ದಷ್ಟ ಹೇಳಾಕತ್ತೇನಿ. ಇಲ್ಲಿ ಬಂದ ಮುಟ್ಟೂದರಾಗ ಒಂಬತ್ತ ಉಳದೂ.”

“ಕಾಕು, ನಾ ಏನ—”

“ಬಾಯಿ ಮುಚ್ಚು. ಹರಿಯೂ ನೀರಿನ ಹುಳಾ ಯಾವುದು, ನಿಂತ ನೀರಿನ ಹುಳಾ ಯಾವುದು ಅನ್ನೂದು ನನಗ ಗೊತ್ತಿಲ್ಲಂತ ತಿಳದಿಯೇನು? ಐವತ್ತ ವರ್ಷ ಆತು ನಾ ಈ ಸೋಸೂ ಅರಿವಿ ಹಿಡದು. ಧುಪದಾಳದ ಪಾಚಿ ಸೈತ ಅಂಟಿಕೊಂಡಿತ್ತು. ನೀ ಬ್ಯಾರೆ ಅಲ್ಲಿ ನಿಂತು ಹಲ್ಲ ಕಿಸೀತಿದ್ದಿ.”

ನಾನು ಅವರ ಕಾಲ ಹತ್ತಿರ ಕೂತೆ. “ತಪ್ಪಾತ್ರಿ. ನೀವು ಉಣ್ಣಲಿ ಅಂತ ಮಾಡಿದ್ನಿ.”

“ತಂದು ಹಾಕಿದ್ದು ನೀನು, ಸತ್ತದ್ದು ನನ್ನ ತಂಬಿಗ್ಯಾಗ. ನನ್ನ ಕೈಲೆ ಹದಿನೇಳ ಜೀವಾ ಕೊಲ್ಲಿಸಿದೆಲ್ಲೋ, ಕೆಟ್ಟಾ!” ಎಂದು ಅತ್ತೇಬಿಟ್ಟರು. ಕಾಕು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸೆರಗಿನಿಂದ ಮುಖ ಒರೆಸಿಕೊಂಡು ಆಮೇಲೆ ಕೇಳಿದರು. “ಈಗರ ಖರೆ ಹೇಳು. ಎಷ್ಟ ವರ್ಷ?”

“ಗೊತ್ತಿಲ್ರಿ. ಮಣ್ಣಾಗ ಕುಂತದ್ದೆಲ್ಲಾ ತೊಳದು ಹೋಗಬೇಕು. ಮೂವತ್ತ ವರ್ಷಾನೂ ಹಿಡೀಬಹುದು.”

“ಇದು ನಿನಗ ಯಾವಾಗಿಂದ ಗೊತ್ತೈತಿ?”

“ಮೂರ ವರ್ಷ ಆತ್ರಿ.”

ಅವರು ನೀರಿನ ಕಡೆ ಮುಖ ತಿರುಗಿಸಿದರು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ.

“ಮೂವತ್ತ ವರ್ಷ ಅಂತ ಮೊದಲ ಹೇಳಿದ್ರೂ ನಾ ಇದ ನೇಮಾ ಹಿಡೀತಿದ್ನಿ. ಒಪ್ಪತ್ತು ನನಗೇನು ದೊಡ್ಡದಲ್ಲ. ದಿನಾ ಮುಂಜಾನೆದ್ದು, ಇವತ್ತ ಬಂದಾವು, ಇವತ್ತ ಬಂದಾವು ಅಂತ ಅರಿವಿ ಬಿಚ್ಚಿ ನೋಡತಿದ್ನೆಲ್ಲ, ಅದು ನನ್ನ ತಿಂದ ಹಾಕಿತೋ ಲಕ್ಷ್ಮಣಾ. ಇನ್ನ ನಾ ನೋಡೂದಿಲ್ಲ.”

“ನೋಡದಿದ್ರ ನೇಮಾ ಮುಗಿಯೂದ ಹೆಂಗ್ರಿ?”

“ಮುಗೀದಿದ್ರ ಮುಗೀವಲ್ದ್ಯಾಕ,” ಎಂದು ಖಾಲಿ ತಂಬಿಗೆ ಎತ್ತಿಕೊಂಡರು.

ಗಾಡಿಯ ಮೇಲೆ ಕೂರಿಸಿಕೊಂಡು ಬಂದೆ.  ನೆನೆಹಾಕಿದ ಕಡಲೆಬೇಳೆಯನ್ನು ರೂಪಾಲಿ ಎಮ್ಮೆಗೆ ಹಾಕಿದಳು. ಸತ್ತ ಹದಿನೇಳಕ್ಕೆ ಪ್ರಾಯಶ್ಚಿತ್ತವೆಂದು ಕಾಕು ಹಾಲು ಮೊಸರನ್ನೂ ಬಿಟ್ಟರು. ಒಂದು ಊಟ ಕೂಡಿಸಲು ಹೋದವನು ಇದ್ದ ಊಟದಿಂದಲೂ ಕಿತ್ತುಕೊಂಡೆ.

ಆಡಿದ ಮಾತಿನಂತೆ ನಡೆದುಕೊಂಡರು. ಮುಂಜಾನೆ ನೀರು ಸೋಸುವುದು ನಿಲ್ಲಲಿಲ್ಲ, ಜೀವಾಣಿ ಬಿಡುವುದೂ ನಿಲ್ಲಲಿಲ್ಲ. ಆದರೆ ಬಟ್ಟೆ ಹೊಳ್ಳಿಸುವಾಗ ಗುಡ್ಡದ ಕಡೆ ನೋಡುತ್ತಿದ್ದರಂತೆ. ತಂಬಿಗೆಯಲ್ಲಿ ತೊಳೆದು, ಬಗ್ಗಿಸಿ, ತಿರುಗಿ ನೋಡದೆ ಬರುತ್ತಿದ್ದರಂತೆ. ರೂಪಾಲಿ ಒಮ್ಮೆ, ನಾನಾದರೂ ನೋಡಲೇ ಎಂದು ಬಟ್ಟೆಗೆ ಕೈ ಹಾಕಿದ್ದಕ್ಕೆ ಅವಳ ಕೈ ಕೊಡವಿದರು. ನಾನು ಹೋದರೆ ಊಟಕ್ಕೆ ಹಾಕುತ್ತಿದ್ದರು, ನನ್ನ ಮಕ್ಕಳ ಸಾಲೆಯ ಬಗ್ಗೆ ಕೇಳುತ್ತಿದ್ದರು, ಹಳ್ಳದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ನನಗೂ ಪಟ್ಟಿ ಅದ್ದುವ ಮುಖ ಉಳಿದಿರಲಿಲ್ಲ. ಮೂರು ವರ್ಷ ಆ ದಂಡೆಗೆ ಹೋಗಲಿಲ್ಲ.

ಎರಡು ಸಾವಿರದ ಆರರ ಫೆಬ್ರುವರಿಯಲ್ಲಿ ಕಾಕುವಿಗೆ ಜ್ವರ ಬಂತು. ಅಂಥ ದೊಡ್ಡ ಜ್ವರವೇನಲ್ಲ. ತಡೆದುಕೊಳ್ಳಲು ಮೈಯಲ್ಲಿ ಏನೂ ಇರಲಿಲ್ಲ, ಐದನೆಯ ದಿನ ಹೋದರು.

ಅದೇ ವರ್ಷ ಶ್ರಾವಣದಲ್ಲಿ ಕಾಕಾನನ್ನು ಮಾತಾಡಿಸಲು ಹೋದವನು ಹಳ್ಳಕ್ಕೆ ಇಳಿದೆ. ಯಾಕೆ ಇಳಿದೆನೋ ಗೊತ್ತಿಲ್ಲ, ಜೇಬಿನಲ್ಲಿ ಹಳೆಯ ಪಟ್ಟಿ ಇತ್ತು. ಅದ್ದಿದರೆ ಐದೂವರೆ. ಕಾಕು ಕಾಲಿಡುತ್ತಿದ್ದ ಕಲ್ಲಿನ ಬಾಜೂ ಇನ್ನೊಂದು ಕಲ್ಲು ಎತ್ತಿ ಹೊಳ್ಳಿಸಿದೆ. ಅದರ ತಳದಲ್ಲಿ ಮರಳಿನ ಸಣ್ಣ ಗೂಡು ಕಟ್ಟಿಕೊಂಡು ಹುಳಗಳು ಕೂತಿದ್ದವು. ಬೆರಳು ತಾಗಿಸಿದರೆ ಒಳಗೆ ಸರಿದವು, ಬದುಕಿದ್ದವು. ಒಂದು ಗಳಿಗೆ ನಾನು ನಕ್ಕೆ. ಆಮೇಲೆ ಕಲ್ಲನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ಈ ವರ್ಷದ ಗೂಡುಗಳ ನಡುವೆ ಹಳೆಯವೂ ಇದ್ದವು. ಒಳಗಿನ ಹುಳ ಎಂದೋ ರೆಕ್ಕೆ ಬಂದು ಹಾರಿಹೋಗಿ, ಬರೀ ಸಿಪ್ಪೆ ಉಳಿದು, ಮೇಲೆ ಪಾಚಿ ಬೆಳೆದವು. ಇನ್ನೊಂದು ಕಲ್ಲು ಎತ್ತಿದೆ, ಅಲ್ಲೂ ಹಾಗೇ. ಮತ್ತೊಂದು ಎತ್ತಿದೆ.

ರೂಪಾಲಿ ದಂಡೆಗೆ ಬಂದು ನಿಂತಿದ್ದಳು. “ಇವು ಯಾವಾಗ ಬಂದಾವ್ರಿ ಮಾಸ್ತರ?”

“ಹಳೇವು ಹೋದ ವರ್ಷದವು. ಅದಕ್ಕಿಂತ ಹಿಂದಿನವೂ ಇರಬಹುದು.”

“ಹೋದ ವರ್ಷ ಅತ್ತಿ ಇದ್ರಲ್ರಿ,” ಎಂದಳು. “ದಿನಾ ಇದ ಕಲ್ಲಿನ ಮ್ಯಾಲ ನಿಂತ ನೀರ ಸೋಸತಿದ್ರು. ಅರಿವ್ಯಾಗ ಬಂದಿರಬೇಕಲ್ರಿ?”

ಬಂದಿರಬೇಕು. ಮಳೆಗಾಲದ ನೀರಿನಲ್ಲಿ ಮರಿಗಳು ತೇಲುತ್ತ ಬಂದಿರಲೇಬೇಕು. ಬಂದವನ್ನು ಕಾಕು ತಂಬಿಗೆಯಲ್ಲಿ ತೊಳೆದು, ಗುಡ್ಡದ ಕಡೆ ಮುಖ ಮಾಡಿಕೊಂಡು, ಬದುಕಿದ್ದಂತೆಯೇ ತಿರುಗಿ ಹಳ್ಳಕ್ಕೆ ಬಿಟ್ಟರು. ಕೊನೆಯ ಒಂದು ವರ್ಷವಾದರೂ ಅವರು ಸಂಜೆ ಉಣ್ಣಬಹುದಿತ್ತು.